ನಾವು ಯಾಕೆ ಎರಡಾಗಲಿಲ್ಲ?

1981ರಲ್ಲಿ ಒಂದು ಗಂಡು ಹಕ್ಕಿ ಡಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪಕ್ಕೆ ಹಾರಿ ಬಂತು. ಶಾಂತ ಸಾಗರದ ಗ್ಯಾಲಪಗಾಸ್ ದ್ವೀಪಗಳಲ್ಲಿ ಅದೂ ಒಂದು. ಅರ್ಧ ಚದರ ಕಿಲೋಮೀಟರ್ ಕೂಡ ಇಲ್ಲ. ಆರಿಹೋದ ಜ್ವಾಲಾಮುಖಿಯ ತುದಿ, ಅದರ ಮೇಲೆ ಒಂದಿಷ್ಟು ಕುರುಚಲು ಗಿಡ, ಪಾಪಾಸುಕಳ್ಳಿ, ಅಷ್ಟೇ. ಜನ ಯಾರೂ ವಾಸವಿಲ್ಲ. ಆದರೆ ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ಎಂಬ ವಿಜ್ಞಾನಿ ದಂಪತಿ 1973ರಿಂದ ವರ್ಷ ವರ್ಷವೂ ಅಲ್ಲಿ ಹೋಗಿ ಡೇರೆ ಹಾಕುತ್ತಿದ್ದರು. ಅಲ್ಲಿನ ಫಿಂಚ್ ಹಕ್ಕಿಗಳನ್ನು ಒಂದೊಂದಾಗಿ ಹಿಡಿದು, ಕೊಕ್ಕು ಅಳೆದು, ಕಾಲಿಗೆ ಬಣ್ಣದ ಬಳೆ ತೊಡಿಸಿ ಬಿಡುತ್ತಿದ್ದರು. ದ್ವೀಪದ ಹಕ್ಕಿಗಳೆಲ್ಲ ಅವರಿಗೆ ಪರಿಚಯ. ಹಾಗಾಗಿ ಹೊಸಬ ಬಂದದ್ದು ಕೂಡಲೇ ಗೊತ್ತಾಯಿತು.

ಇವನು ಉಳಿದವರಿಗಿಂತ ದಪ್ಪ. ತಲೆ ದೊಡ್ಡದು. ಹಾಡು ಬೇರೆ. ಆ ದ್ವೀಪದಲ್ಲಿ ಅಂಥ ಹಾಡನ್ನು ಯಾರೂ ಹಾಡುತ್ತಿರಲಿಲ್ಲ. ಅವನು ಅಲ್ಲಿನ ಒಂದು ಹೆಣ್ಣಿನ ಜೊತೆ ಗೂಡು ಕಟ್ಟಿದ. ಫಿಂಚ್ ಗಂಡುಮರಿಗಳು ಹಾಡು ಕಲಿಯುವುದು ಅಪ್ಪನಿಂದ. ಇವನ ಮಕ್ಕಳೂ ಅಪ್ಪನ ಹಾಡನ್ನೇ ಕಲಿತವು. ಮುಂದಿನ ತಲೆಮಾರುಗಳಲ್ಲಿ ಊರಿನ ಹೆಣ್ಣುಗಳು ಆ ಹಾಡಿಗೆ ಒಲಿಯಲಿಲ್ಲ. ಆ ವಂಶದವು ತಮ್ಮತಮ್ಮಲ್ಲೇ ಜೋಡಿಯಾಗತೊಡಗಿದವು. ನಡುವೆ ಒಂದು ಭಾರಿ ಬರ ಬಂದು ಇಡೀ ವಂಶದಲ್ಲಿ ಉಳಿದದ್ದು ಎರಡೇ ಹಕ್ಕಿ, ಅಣ್ಣ ಮತ್ತು ತಂಗಿ. ಅಲ್ಲಿಂದಲೂ ವಂಶ ಮತ್ತೆ ಚಿಗುರಿತು. 2017ರಲ್ಲಿ ಡಿಎನ್ಎ ಪರೀಕ್ಷೆಯ ಫಲಿತಾಂಶ ಪ್ರಕಟವಾದಾಗ ತಿಳಿದದ್ದು, ಆ ಮೊದಲ ಹಕ್ಕಿ ಬಂದದ್ದು 100 ಕಿಲೋಮೀಟರಿಗೂ ದೂರದ ಎಸ್ಪನ್ಯೋಲಾ ದ್ವೀಪದಿಂದ ಅಂತ.

ಹೊಸ ಪ್ರಭೇದ ಹುಟ್ಟಲು ಲಕ್ಷಾಂತರ ವರ್ಷ ಬೇಕು ಅಂತ ನಾನು ಶಾಲೆಯಲ್ಲಿ ಓದಿದ್ದೆ. ಇಲ್ಲಿ ನೋಡಿದರೆ ಮೂರೇ ತಲೆಮಾರಿನಲ್ಲಿ ಒಂದು ಕವಲು ಬೇರೆಯಾಗಿ ನಿಂತಿತ್ತು. ಅದಕ್ಕೆ ಬೆಟ್ಟ ಅಡ್ಡ ಬರಲಿಲ್ಲ, ಸಮುದ್ರ ಅಡ್ಡ ಬರಲಿಲ್ಲ. ಅದೇ ಬಂಡೆ, ಅದೇ ಕಳ್ಳಿಗಿಡ. ಅಡ್ಡ ಬಂದದ್ದು ಮೈಯ ಗಾತ್ರ ಮತ್ತು ಒಂದು ಹಾಡು.

ಈ ಕತೆ ಓದಿದ ಮೇಲೆ ಒಂದು ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ. ಇಷ್ಟು ಸಣ್ಣ ಕಾರಣಕ್ಕೆ ಒಂದು ಹಕ್ಕಿ ಎರಡಾಗುತ್ತದೆ ಅಂದರೆ, ಮನುಷ್ಯರು ಯಾಕೆ ಎರಡಾಗಲಿಲ್ಲ? ಹಿಮದಲ್ಲಿ ಇದ್ದೇವೆ, ಮರಳುಗಾಡಿನಲ್ಲಿ ಇದ್ದೇವೆ, ಸಾವಿರಾರು ಭಾಷೆ ಆಡುತ್ತೇವೆ, ಸಾವಿರಾರು ಹಾಡು ಹಾಡುತ್ತೇವೆ. ಆದರೂ ನಾವೆಲ್ಲ ಒಂದೇ ಪ್ರಭೇದ. ಒಡೆಯುವ ಬದಲು ಸುಮ್ನೆ ಬೆಳೆಯುತ್ತಾ ಹೋದೆವು. 2022ರ ನವೆಂಬರ್ 15ಕ್ಕೆ 800 ಕೋಟಿ ಮುಟ್ಟಿದೆವು ಅಂತ ವಿಶ್ವಸಂಸ್ಥೆ ಲೆಕ್ಕ ಹಾಕಿತು. ಪ್ರಭೇದ ಹೇಗೆ ಹುಟ್ಟುತ್ತದೆ ಅನ್ನುವುದು ಒಂದು ಪ್ರಶ್ನೆ, ಜನಸಂಖ್ಯೆ ಯಾಕೆ ಬೆಳೆಯುತ್ತದೆ ಅನ್ನುವುದು ಇನ್ನೊಂದು ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ನಾವು ಒಡೆಯದೇ ಇದ್ದದ್ದಕ್ಕೂ ಇಷ್ಟೊಂದು ಬೆಳೆದದ್ದಕ್ಕೂ ಕಾರಣ ಒಂದೇ ಅನ್ನಿಸುತ್ತದೆ. ಅದನ್ನೇ ಬಿಡಿಸಿ ನೋಡೋಣ.

ಮೊದಲು ಪ್ರಭೇದ ಅಂದರೇನು ಅಂತ ಒಂದು ಮಾತು. ಜೀವಿಗಳ ವಿಷಯದಲ್ಲಿ ‘ಜಾತಿ’ ಅನ್ನುವ ಪದವೂ ಬಳಕೆಯಲ್ಲಿದೆ. ನಾನು ಬೇಕೆಂದೇ ಅದನ್ನು ಬಿಟ್ಟಿದ್ದೇನೆ. ಮನುಷ್ಯರನ್ನು ವಿಂಗಡಿಸಲು ಬಳಸುವ ಆ ಪದಕ್ಕೂ ಜೀವವಿಜ್ಞಾನಕ್ಕೂ ಏನೇನೂ ಸಂಬಂಧವಿಲ್ಲ. ಎರ್ನ್‌ಸ್ಟ್ ಮೇಯರ್ ಎಂಬ ವಿಜ್ಞಾನಿ 1942ರಲ್ಲಿ ಕೊಟ್ಟ ವಿವರಣೆ ಸರಳವಾಗಿದೆ. ತಮ್ಮೊಳಗೆ ಕೂಡಿ ಮರಿ ಮಾಡುವ, ಬೇರೆ ಗುಂಪಿನ ಜೊತೆ ಹಾಗೆ ಮಾಡದ ಜೀವಿಗಳ ಗುಂಪೇ ಪ್ರಭೇದ. ಕುದುರೆಗೆ 64 ವರ್ಣತಂತು (ಜೀವಕೋಶದೊಳಗೆ ಡಿಎನ್ಎ ಇರುವ ಎಳೆಗಳು), ಕತ್ತೆಗೆ 62. ಎರಡಕ್ಕೂ ಹುಟ್ಟುವ ಹೇಸರಗತ್ತೆಗೆ 63. ಅದು ಗಟ್ಟಿಮುಟ್ಟಾಗಿ ಬದುಕುತ್ತದೆ, ಬೇಕಾದಷ್ಟು ಭಾರ ಹೊರುತ್ತದೆ. ಆದರೆ ಅದಕ್ಕೆ ಮರಿ ಆಗುವುದು ಅಪರೂಪದಲ್ಲಿ ಅಪರೂಪ. ವಂಶ ಅಲ್ಲಿಗೇ ನಿಲ್ಲುತ್ತದೆ. ಬ್ಯಾಕ್ಟೀರಿಯಾಗಳಿಗೆ, ಎಷ್ಟೋ ಗಿಡಗಳಿಗೆ ಈ ವಿವರಣೆ ಸರಿಹೊಂದುವುದಿಲ್ಲ. ಪ್ರಾಣಿಗಳ ಮಟ್ಟಿಗೆ ಸಾಕು.

ಹಾಗಾದರೆ ಒಂದು ಗುಂಪು ಎರಡಾಗಬೇಕಾದರೆ ನಡುವೆ ಒಂದು ಗೋಡೆ ಬೇಕು. ಗೋಡೆ ಯಾವುದಾದರೂ ಆಗಬಹುದು.

ನೆಲವೇ ಗೋಡೆಯಾದದ್ದು ಪನಾಮದಲ್ಲಿ. ಸುಮಾರು 30 ಲಕ್ಷ ವರ್ಷಗಳ ಹಿಂದೆ ಉತ್ತರ ಮತ್ತು ದಕ್ಷಿಣ ಅಮೆರಿಕದ ನಡುವೆ ನೆಲದ ಒಂದು ಪಟ್ಟಿ ಮೇಲೆದ್ದಿತು. ಅಲ್ಲಿಯವರೆಗೆ ಒಂದೇ ಆಗಿದ್ದ ಸಮುದ್ರ ಎರಡಾಯಿತು. ಕೊಂಡಿಯಿಂದ ಚಟ್ ಅಂತ ಸದ್ದು ಮಾಡುವ ಪುಟ್ಟ ಸಿಗಡಿಗಳು ಆಚೆ ಒಂದಷ್ಟು ಉಳಿದವು, ಈಚೆ ಒಂದಷ್ಟು. ನ್ಯಾನ್ಸಿ ನೋಲ್ಟನ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಆಚೆಯದನ್ನೂ ಈಚೆಯದನ್ನೂ ತಂದು ಒಂದೇ ತೊಟ್ಟಿಯಲ್ಲಿ ಬಿಟ್ಟು ನೋಡಿದರು. ನೋಡಲು ಹೆಚ್ಚುಕಮ್ಮಿ ಒಂದೇ ಥರ ಇದ್ದರೂ ಅವು ಜೋಡಿಯಾಗುವ ಬದಲು ಹೆಚ್ಚಾಗಿ ಜಗಳಕ್ಕೇ ನಿಂತವು.

ಸುಮ್ಮನೆ ದೂರ ಇದ್ದ ಮಾತ್ರಕ್ಕೆ ಯಾಕೆ ಹಾಗಾಗುತ್ತದೆ? ಇದು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ. ಬೀಗ ಮತ್ತು ಕೀಲಿಕೈಯನ್ನು ಯೋಚಿಸಿದ ಮೇಲೆ ಬಗೆಹರಿಯಿತು. ಒಂದೇ ಥರದ ಬೀಗ, ಒಂದೇ ಥರದ ಕೀಲಿಕೈ ಎರಡು ಮನೆಗಳಲ್ಲಿವೆ ಅಂದುಕೊಳ್ಳಿ. ಪ್ರತಿ ತಲೆಮಾರಿನಲ್ಲೂ ಎರಡೂ ಚೂರು ಚೂರು ಸವೆಯುತ್ತವೆ, ಬದಲಾಗುತ್ತವೆ. ಒಂದು ಮನೆಯೊಳಗೆ ಬೀಗ ಬದಲಾದಷ್ಟೇ ಕೀಲಿಯೂ ಬದಲಾಗಲೇಬೇಕು. ಇಲ್ಲದಿದ್ದರೆ ಬಾಗಿಲೇ ತೆರೆಯುವುದಿಲ್ಲ, ಆ ವಂಶ ಮುಂದುವರಿಯುವುದಿಲ್ಲ. ಹಾಗಾಗಿ ಯಾವ ಮನೆಯಲ್ಲೂ ಯಾವತ್ತೂ ತೊಂದರೆ ಕಾಣಿಸುವುದಿಲ್ಲ. ಸಾವಿರಾರು ತಲೆಮಾರು ಕಳೆದ ಮೇಲೆ ಈ ಮನೆಯ ಕೀಲಿಯನ್ನು ಆ ಮನೆಯ ಬೀಗಕ್ಕೆ ಹಾಕಿ ನೋಡಿ. ತಿರುಗುವುದಿಲ್ಲ. ಬೇರೆಯಾಗಬೇಕು ಅಂತ ಯಾರೂ ಹೊರಟಿರಲಿಲ್ಲ. ಅವರವರ ಮನೆಯಲ್ಲಿ ಅವರವರು ನೆಟ್ಟಗೆ ಬದುಕುತ್ತಿದ್ದರು, ಅಷ್ಟೇ.

ನನಗೆ ಅತಿ ಇಷ್ಟವಾದ ಗೋಡೆ ಮಾತ್ರ ಕಾಲದ್ದು. ಅಮೆರಿಕದ ಕಾಡುಗಳಲ್ಲಿ ಹಾಥಾರ್ನ್ ಎಂಬ ಗಿಡವಿದೆ. ಅದರ ಪುಟ್ಟ ಕೆಂಪು ಹಣ್ಣಿನಲ್ಲಿ ಮೊಟ್ಟೆ ಇಡುವ ಒಂದು ಬಗೆಯ ನೊಣ ಮೊದಲಿಂದ ಅಲ್ಲೇ ಇತ್ತು. ಯುರೋಪಿನಿಂದ ಬಂದವರು ಸೇಬಿನ ಗಿಡ ತಂದು ನೆಟ್ಟರು. 19ನೇ ಶತಮಾನದ ಮಧ್ಯದಲ್ಲಿ ಕೆಲವು ನೊಣ ಸೇಬಿಗೆ ದಾಟಿದವು. ಆ ನೊಣಗಳ ಗಂಡುಹೆಣ್ಣು ಸೇರುವುದೇ ಹಣ್ಣಿನ ಮೇಲೆ. ಸೇಬು ಹಾಥಾರ್ನ್‌ಗಿಂತ ಮೂರು ನಾಲ್ಕು ವಾರ ಮೊದಲೇ ಹಣ್ಣಾಗುತ್ತದೆ. ರೆಕ್ಕೆ ಬಂದ ಮೇಲೆ ಆ ನೊಣ ಬದುಕುವುದೇ ಸುಮಾರು ಒಂದು ತಿಂಗಳು. ಸೇಬಿನ ನೊಣದ ಕಾಲ ಮುಗಿಯುತ್ತಾ ಬಂದಾಗ ಹಾಥಾರ್ನ್ ನೊಣದ ಕಾಲ ಶುರು. ಒಂದೇ ತೋಟದಲ್ಲಿ ಅಕ್ಕಪಕ್ಕದ ಎರಡು ಗಿಡದ ಮೇಲಿದ್ದರೂ ಬಹುಪಾಲು ನೊಣಗಳಿಗೆ ಒಂದನ್ನೊಂದು ನೋಡುವುದೇ ಆಗುವುದಿಲ್ಲ. ಅವು ಇನ್ನೂ ಪೂರ್ತಿ ಎರಡಾಗಿಲ್ಲ, ಆಗುವ ದಾರಿಯಲ್ಲಿವೆ. ಆ ನೊಣದ ಮರಿಹುಳುವಿನೊಳಗೆ ಮೊಟ್ಟೆ ಇಟ್ಟು ಬದುಕುವ ಒಂದು ಸಣ್ಣ ಕಣಜವಿದೆ. ನೊಣ ಕವಲೊಡೆದದ್ದೇ ತಡ, ಅದರ ಬೆನ್ನಿಗೆ ಆ ಕಣಜವೂ ಕವಲೊಡೆಯುತ್ತಿದೆ. ಯಾರೋ ಒಬ್ಬರು ಒಂದು ಸೇಬಿನ ಗಿಡ ನೆಟ್ಟರು. ಅದರಿಂದ ಎರಡು ಹೊಸ ಕವಲು!

ಗಿಡಗಳಿಗೆ ಇಷ್ಟು ಕಾಯುವ ಅಗತ್ಯವೂ ಇಲ್ಲ. ಎರಡು ಬೇರೆ ಪ್ರಭೇದ ಬೆರೆತು, ವರ್ಣತಂತುಗಳು ಒಮ್ಮೆಗೇ ದುಪ್ಪಟ್ಟಾದರೆ ಒಂದೆರಡು ತಲೆಮಾರಿನಲ್ಲೇ ಹೊಸ ಪ್ರಭೇದ ತಯಾರು. ನಾವು ತಿನ್ನುವ ರೊಟ್ಟಿ ಗೋಧಿ ಹುಟ್ಟಿದ್ದೇ ಹಾಗೆ. 28 ವರ್ಣತಂತುಗಳ ಒಂದು ಗೋಧಿ, 14 ವರ್ಣತಂತುಗಳ ಒಂದು ಕಾಡುಹುಲ್ಲು ಬೆರೆತು 42 ವರ್ಣತಂತುಗಳ ಹೊಸ ಪೈರು ಬಂತು.

ಈಗ ಬೆಳವಣಿಗೆಯ ಮಾತಿಗೆ ಬರೋಣ. ಇಲ್ಲಿ ಇತಿಹಾಸದ ಒಂದು ಗಂಟು ಇದೆ. ಜನಸಂಖ್ಯೆಯ ಬಗ್ಗೆ ಥಾಮಸ್ ಮಾಲ್ಥಸ್ 1798ರಲ್ಲಿ ಒಂದು ಪ್ರಬಂಧ ಬರೆದ. ಜನ ಗುಣಿಸುತ್ತಾ ಹೋಗುತ್ತಾರೆ, ಆಹಾರ ಆ ವೇಗದಲ್ಲಿ ಬೆಳೆಯುವುದಿಲ್ಲ, ಹಸಿವು ರೋಗಗಳೇ ಕೊನೆಗೆ ತಡೆ ಹಾಕುತ್ತವೆ ಅನ್ನುವುದು ಅವನ ವಾದ. 1838ರಲ್ಲಿ ಚಾರ್ಲ್ಸ್ ಡಾರ್ವಿನ್ ಅದನ್ನು ಓದಿದ. ಇಪ್ಪತ್ತು ವರ್ಷ ಕಳೆದು ಆಲ್‌ಫ್ರೆಡ್ ವಾಲೇಸ್ ಮಲಯ ದ್ವೀಪಗಳಲ್ಲಿ ಜ್ವರ ಬಂದು ಮಲಗಿದ್ದಾಗ ಅದೇ ಪ್ರಬಂಧ ನೆನಪಿಗೆ ಬಂತು. ಇಬ್ಬರಿಗೂ ಹೊಳೆದದ್ದು ಒಂದೇ. ಹುಟ್ಟುವವು ಜಾಸ್ತಿ, ಉಳಿಯುವವು ಕಮ್ಮಿ. ಉಳಿಯುವವು ಯಾವುವು ಅನ್ನುವುದರ ಮೇಲೆ ಮುಂದಿನ ತಲೆಮಾರಿನ ರೂಪ ನಿಂತಿದೆ. ಪ್ರಭೇದಗಳ ಹುಟ್ಟನ್ನು ವಿವರಿಸಿದ ಸಿದ್ಧಾಂತದ ಬೀಜ ಬಂದದ್ದೇ ಮನುಷ್ಯರ ಜನಸಂಖ್ಯೆಯ ಚಿಂತೆಯಿಂದ.

ಡಾರ್ವಿನ್ ಒಂದು ಲೆಕ್ಕ ಹಾಕಿದ್ದ. ಪ್ರಾಣಿಗಳಲ್ಲಿ ತೀರ ನಿಧಾನವಾಗಿ ಮರಿ ಹಾಕುವುದು ಆನೆ. ಒಂದೇ ಒಂದು ಜೋಡಿ ಆನೆಯಿಂದ ಹೊರಟು, ಮರಿಗಳೆಲ್ಲ ಉಳಿದು ಬೆಳೆದರೆ, ಸುಮಾರು 750 ವರ್ಷದಲ್ಲಿ 1 ಕೋಟಿ 90 ಲಕ್ಷ ಆನೆಗಳಾಗುತ್ತವೆ! ಭೂಮಿ ತುಂಬ ಆನೆ ಯಾಕಿಲ್ಲ ಅಂದರೆ, ಬಹಳಷ್ಟು ಮರಿಗಳು ಉಳಿಯುವುದಿಲ್ಲ. ಬೆಳೆಯುವ ಶಕ್ತಿ ಎಲ್ಲ ಜೀವಿಗಳಲ್ಲೂ ಇದೆ. ತಡೆಯೂ ಎಲ್ಲ ಕಡೆ ಇದೆ.

ಆ ತಡೆ ಕೆಲಸ ಮಾಡುವುದನ್ನು ಗ್ರಾಂಟ್ ದಂಪತಿ ಡಾಫ್ನೆಯಲ್ಲಿ ಕಣ್ಣಾರೆ ಕಂಡರು. 1977ರಲ್ಲಿ ಅಲ್ಲಿ ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳನ್ನು ಹಕ್ಕಿಗಳು ಕೆಲವೇ ತಿಂಗಳಲ್ಲಿ ತಿಂದು ಮುಗಿಸಿದವು. ಉಳಿದದ್ದು ನೆಗ್ಗಿಲು ಬಗೆಯ ಗಿಡದ ಗಟ್ಟಿ ಮುಳ್ಳುಕಾಯಿ. ಅದನ್ನು ಒಡೆಯಲು ದಪ್ಪ ಕೊಕ್ಕು ಬೇಕು. ಮಧ್ಯಮ ಗಾತ್ರದ ನೆಲಫಿಂಚ್‌ಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಸತ್ತವು. ಬದುಕಿದವುಗಳ ಕೊಕ್ಕು ಸರಾಸರಿ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು ದಪ್ಪ. ಅರ್ಧ ಮಿಲಿಮೀಟರ್ ಅಂದರೆ ಉಗುರಿನ ದಪ್ಪ. ಸಾವಿಗೂ ಬದುಕಿಗೂ ನಡುವೆ ಇದ್ದದ್ದು ಅಷ್ಟೇ. ಅವುಗಳ ಮರಿಗಳಿಗೂ ದಪ್ಪ ಕೊಕ್ಕೇ ಬಂತು. ಮುಂದೆ 1983ರಲ್ಲಿ ಎಲ್ ನಿನ್ಯೋ ಮಳೆ ಧೋ ಅಂತ ಸುರಿದು ಸಣ್ಣ ಬೀಜಗಳೇ ತುಂಬಿದಾಗ, ಗೆಲುವು ಸಣ್ಣ ಕೊಕ್ಕಿನ ಕಡೆ ತಿರುಗಿತು.

ಬೀಜ ಬದಲಾದರೆ ಕೊಕ್ಕು ಬದಲಾಗಬೇಕು. ಕೊಕ್ಕು ಬದಲಾಗಲು ಬಹಳಷ್ಟು ಹಕ್ಕಿಗಳು ಸಾಯಬೇಕು. ದ್ವೀಪಕ್ಕೊಂದು ಬೀಜ, ಬೀಜಕ್ಕೊಂದು ಕೊಕ್ಕು, ಹೀಗೇ ಒಂದು ಹಕ್ಕಿಯ ವಂಶ ಹದಿನೇಳು ಹದಿನೆಂಟು ಪ್ರಭೇದಗಳಾಗಿ ಹರಡಿತು.

ಮನುಷ್ಯರು ಬೇರೆ ದಾರಿ ಹಿಡಿದದ್ದು ಇಲ್ಲೇ. ಆರ್ಕ್ಟಿಕ್ ಹಿಮದಲ್ಲಿ ಬದುಕಲು ಕರಡಿಗೆ ಬಿಳಿ ತುಪ್ಪಳ ಬೇಕಾಯಿತು, ಮೈತುಂಬ ಕೊಬ್ಬು ಬೇಕಾಯಿತು. ಕಂದು ಕರಡಿಯ ಬಳಗದಿಂದ ಬೇರೆಯಾಗಿ ಅದು ಹಿಮಕರಡಿಯಾಯಿತು. ಮನುಷ್ಯನಿಗೆ ಸೂಜಿ ಸಾಕಾಯಿತು. ಸೈಬೀರಿಯಾದಲ್ಲಿ ಸುಮಾರು 40,000 ವರ್ಷ ಹಳೆಯ ಮೂಳೆಯ ಸೂಜಿಗಳು ಸಿಕ್ಕಿವೆ. ಬೆರಳುದ್ದದ ಮೂಳೆಚೂರು, ಅದನ್ನು ಕಲ್ಲಿಗೆ ಉಜ್ಜಿ ಉಜ್ಜಿ ನಯ ಮಾಡಿ, ಒಂದು ತುದಿಯಲ್ಲಿ ದಾರ ಪೋಣಿಸಲು ಕಣ್ಣು ಕೊರೆದಿದ್ದಾರೆ. ಆ ಕಣ್ಣು ಕೊರೆಯುವಾಗ ಎಷ್ಟು ಸೂಜಿ ಮುರಿದಿರಬಹುದು! ಅದನ್ನು ಹಿಡಿದು ಚರ್ಮಕ್ಕೆ ಚರ್ಮ ಸೇರಿಸಿ, ಗಾಳಿ ನುಗ್ಗದ ಹಾಗೆ ಹೊಲಿದು, ಮೈಗೆ ತೊಟ್ಟು ಚಳಿಯೊಳಗೆ ನಡೆದರು.

ಕೊಕ್ಕಿಗೂ ಸೂಜಿಗೂ ಇರುವ ವ್ಯತ್ಯಾಸವೇ ನನ್ನ ಇಡೀ ಮಾತು. ದಪ್ಪ ಕೊಕ್ಕು ಸಿಗುವುದು ಹೊಟ್ಟೆಯಲ್ಲಿ ಹುಟ್ಟಿದ ಮರಿಗಳಿಗೆ ಮಾತ್ರ. ಪಕ್ಕದ ಗೂಡಿನ ಹಕ್ಕಿ ಹಸಿವಿನಿಂದ ಸಾಯುತ್ತಿದ್ದರೂ ಅದಕ್ಕೆ ಕೊಕ್ಕನ್ನು ಕೊಡಲು ಬರುವುದಿಲ್ಲ. ಸೂಜಿಯನ್ನು ಕೊಡಬಹುದು. ಸೂಜಿ ಮಾಡುವುದನ್ನು ಹೇಳಿಕೊಡಬಹುದು. ಕಲಿಯಲು ರಕ್ತಸಂಬಂಧ ಬೇಕಿಲ್ಲ, ಭಾಷೆಯೂ ಒಂದೇ ಇರಬೇಕಿಲ್ಲ. ಹೀಗಾಗಿ ಹೊಸ ಜಾಗ ಬಂದಾಗ ನಮ್ಮ ಮೈ ಅಷ್ಟಾಗಿ ಬದಲಾಗಲಿಲ್ಲ. ಮೈ ಬದಲಾಗದ್ದರಿಂದ ಬೀಗ-ಕೀಲಿಯೂ ಬದಲಾಗಲಿಲ್ಲ.

ಅಲ್ಲದೆ ನಾವು ಯಾವ ಗೋಡೆಯನ್ನೂ ಬಹಳ ದಿನ ನಿಲ್ಲಲು ಬಿಟ್ಟವರಲ್ಲ. ಸೈಬೀರಿಯಾದ ಡೆನಿಸೋವಾ ಗುಹೆಯಲ್ಲಿ ಒಂದು ಮೂಳೆಯ ಚೂರು ಸಿಕ್ಕಿತು. ಎರಡೂವರೆ ಸೆಂಟಿಮೀಟರ್ ಕೂಡ ಇಲ್ಲದ ಚೂರು. ಸುಮಾರು 90,000 ವರ್ಷಗಳ ಹಿಂದೆ ಬದುಕಿದ್ದ ಒಬ್ಬ ಹುಡುಗಿಯದು ಅದು. 2018ರಲ್ಲಿ ಅದರ ಡಿಎನ್ಎ ಓದಿದಾಗ ವಿಜ್ಞಾನಿಗಳೇ ನಂಬಲು ಹಿಂಜರಿದರು. ಅವಳ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್. ಸುಮಾರು ನಾಲ್ಕು ಲಕ್ಷ ವರ್ಷ ಬೇರೆಬೇರೆಯಾಗಿ ಬೆಳೆದ, ಈಗ ಅಳಿದುಹೋಗಿರುವ ಎರಡು ಮಾನವ ಬಳಗಗಳ ಮಗಳು. ನಮ್ಮ ಪೂರ್ವಜರೂ ಇಬ್ಬರ ಜೊತೆಗೂ ಬೆರೆತರು. ಆಫ್ರಿಕಾದಿಂದ ಹೊರಗೆ ಬಂದವರ ವಂಶದ ಎಲ್ಲರಲ್ಲೂ ನಿಯಾಂಡರ್ತಾಲ್ ಡಿಎನ್ಎ ನೂರಕ್ಕೆ ಒಂದೆರಡು ಪಾಲಿನಷ್ಟು ಇದೆ. ಟಿಬೆಟ್ಟಿನ ಎತ್ತರದಲ್ಲಿ, ಕಡಿಮೆ ಆಮ್ಲಜನಕದಲ್ಲಿ ಬದುಕಲು ಅಲ್ಲಿನವರಿಗೆ ನೆರವಾಗುವ ಒಂದು ಜೀನ್ ಡೆನಿಸೋವನ್ನರ ಕಡೆಯಿಂದ ಬಂದದ್ದು. ಹೀಗೆ ನಮ್ಮಲ್ಲಿ ಮೈ ಬದಲಾದ ಕೆಲವು ಕಡೆ ಆ ಬದಲಾವಣೆಯೂ ಬಂದದ್ದು ಬೆರೆತದ್ದರಿಂದ.

ಟಾಸ್ಮೇನಿಯಾದ ಮೂಲನಿವಾಸಿಗಳನ್ನು ನೆನೆಯಿರಿ. ಹಿಮಯುಗ ಮುಗಿದು ಸಮುದ್ರ ಮೇಲೇರಿದಾಗ ಅವರ ನೆಲ ಆಸ್ಟ್ರೇಲಿಯಾದಿಂದ ಕಡಿದುಹೋಯಿತು. ಸುಮಾರು 10,000 ವರ್ಷ ಹೊರಗಿನ ಒಬ್ಬ ಮನುಷ್ಯನ ಮುಖವನ್ನೂ ಕಾಣದೆ ಬದುಕಿದರು. ಯುರೋಪಿನವರು ಬಂದು ಅವರನ್ನು ನಡೆಸಿಕೊಂಡ ರೀತಿ ಮಾತ್ರ ಘೋರ. ಅವರು ಬೇರೆಯೇ ಒಂದು ಕೀಳು ಜೀವಿಯೆಂಬಂತೆ ಬರೆದವರೂ ಇದ್ದರು. ಆದರೆ ಅಷ್ಟು ಉದ್ದದ ಏಕಾಂತವೂ ಅವರನ್ನು ಬೇರೆ ಪ್ರಭೇದ ಮಾಡಿರಲಿಲ್ಲ. ಅವರಿಗೂ ಬಂದವರಿಗೂ ಮಕ್ಕಳಾದವು. ಆ ವಂಶದವರು ಇವತ್ತಿಗೂ ಇದ್ದಾರೆ. 1972ರಲ್ಲಿ ರಿಚರ್ಡ್ ಲೆವಾಂಟಿನ್ ಎಂಬ ವಿಜ್ಞಾನಿ ಮಾಡಿದ ಲೆಕ್ಕವೂ ಇದನ್ನೇ ಹೇಳಿತು. ಮನುಷ್ಯರ ನಡುವೆ ಇರುವ ಆನುವಂಶಿಕ ವ್ಯತ್ಯಾಸದಲ್ಲಿ ನೂರಕ್ಕೆ ಸುಮಾರು 85 ಪಾಲು ಒಂದೇ ಸಮುದಾಯದೊಳಗೇ ಸಿಗುತ್ತದೆ.

ಇನ್ನು ಸಂಖ್ಯೆ. ಬೇಸಾಯ ಶುರುವಾಗುವ ಹೊತ್ತಿಗೆ ಇಡೀ ಭೂಮಿಯಲ್ಲಿ ಒಂದು ಕೋಟಿಗೂ ಕಮ್ಮಿ ಜನ ಇದ್ದಿರಬಹುದು ಅನ್ನುವುದು ಅಂದಾಜು. 100 ಕೋಟಿ ಆದದ್ದು ಸುಮಾರು 1804ರಲ್ಲಿ. ಅದು 200 ಕೋಟಿ ಆಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು, 1927ರ ಹೊತ್ತಿಗೆ ಆಯಿತು. 700ರಿಂದ 800 ಕೋಟಿಗೆ ಹೋಗಲು 11 ವರ್ಷವೇ ಸಾಕಾಯಿತು.

ಜನ ಜಾಸ್ತಿ ಹೆರಲು ಶುರುಮಾಡಿದ್ದರಿಂದ ಹೀಗಾಯಿತು ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಹಿಂದೆಯೂ ಒಬ್ಬೊಬ್ಬ ತಾಯಿ ಐದಾರು ಮಕ್ಕಳನ್ನು ಹೆರುತ್ತಿದ್ದಳು. ದೊಡ್ಡವರಾಗಿ ತಾವೂ ಮಕ್ಕಳನ್ನು ಕಾಣುವಷ್ಟು ಬದುಕುತ್ತಿದ್ದದ್ದು ಸರಾಸರಿ ಇಬ್ಬರಿಗಿಂತ ತುಸು ಜಾಸ್ತಿ, ಅಷ್ಟೇ. ಜನಸಂಖ್ಯೆ ನಿಂತಲ್ಲೇ ನಿಂತಿತ್ತು ಅಂದರೆ ಅದರ ಹಿಂದೆ ಇದ್ದದ್ದು ಆ ಸಾವುಗಳು. ನನ್ನ ಅಜ್ಜಿ ಒಂಬತ್ತು ಮಕ್ಕಳನ್ನು ಹೆತ್ತವಳು. ಉಳಿದವರು ಐದು. ‘ಎಷ್ಟು ಮಕ್ಕಳು ಅಜ್ಜಿ ನಿಂಗೆ?’ ಅಂದರೆ ಒಂಬತ್ತು ಅಂತಲೇ ಹೇಳುತ್ತಿದ್ದಳು. ನಾನು ಚಿಕ್ಕವನಿದ್ದಾಗ ಅಜ್ಜಿಗೆ ಲೆಕ್ಕ ತಪ್ಪಿದೆ ಅಂದುಕೊಂಡಿದ್ದೆ. ಆಮೇಲೆ ಅಮ್ಮ ಆ ನಾಲ್ವರ ಹೆಸರು ಹೇಳಿದಳು. ಜನಸಂಖ್ಯೆಯ ಅಂಕಿಅಂಶ ನೋಡುವಾಗೆಲ್ಲ ನನಗೆ ಆ ನಾಲ್ಕು ಹೆಸರು ನೆನಪಾಗುತ್ತವೆ.

ಆ ಸಾವುಗಳನ್ನು ತಡೆದದ್ದು ನಮ್ಮ ಮೈಯಲ್ಲಿ ಆದ ಬದಲಾವಣೆ ಅಲ್ಲ. ಕೈಯಿಂದ ಕೈಗೆ ಹೋದ ಸೂಜಿಯಂಥ ವಸ್ತುಗಳು. 1796ರಲ್ಲಿ ಎಡ್ವರ್ಡ್ ಜೆನ್ನರ್ ತೋರಿಸಿದ ಸಿಡುಬಿನ ಲಸಿಕೆ ಲೋಕವೆಲ್ಲ ಹರಡಿತು. 1980ರಲ್ಲಿ ಸಿಡುಬು ಭೂಮಿಯಿಂದಲೇ ಹೋಯಿತು ಅಂತ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಗಾಳಿಯ ಸಾರಜನಕವನ್ನು ಗೊಬ್ಬರ ಮಾಡುವ ದಾರಿಯನ್ನು ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿದ, ಕಾರ್ಲ್ ಬಾಷ್ 1913ರ ಹೊತ್ತಿಗೆ ಅದನ್ನು ಕಾರ್ಖಾನೆಗೆ ತಂದ. ಇವತ್ತು ಲೋಕದ ಹೆಚ್ಚುಕಮ್ಮಿ ಅರ್ಧದಷ್ಟು ಜನರ ಊಟ ಆ ಗೊಬ್ಬರದ ಮೇಲೆ ನಿಂತಿದೆ ಅಂತ ಅಂದಾಜಿದೆ.

ಎಲ್ಲಕ್ಕಿಂತ ನನ್ನ ಮನಸ್ಸು ತಟ್ಟುವುದು ಉಪ್ಪುಸಕ್ಕರೆ ನೀರಿನ ಕತೆ. 1971ರ ಬಾಂಗ್ಲಾದೇಶ ಯುದ್ಧದ ಕಾಲ. ಗಡಿ ದಾಟಿ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಎದ್ದಿತು. ಪಶ್ಚಿಮ ಬಂಗಾಳದ ಬನಗಾಂವ್‌ನ ಆಸ್ಪತ್ರೆಯಲ್ಲಿ ಡಾಕ್ಟರ್ ದಿಲೀಪ್ ಮಹಾಲನಬಿಸ್ ಇದ್ದರು. ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಿತ್ತು. ಅವರು ಉಪ್ಪು, ಅಡುಗೆ ಸೋಡ, ಗ್ಲೂಕೋಸ್ ಮೂರನ್ನೂ ಶುದ್ಧ ನೀರಿನಲ್ಲಿ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ರೋಗಿಯ ಅಮ್ಮನಿಗೋ ಅಣ್ಣನಿಗೋ ಲೋಟ ಕೊಟ್ಟು ಕುಡಿಸುತ್ತಲೇ ಇರಿ ಅಂದರು. ನೂರಕ್ಕೆ ಸುಮಾರು ಮೂವತ್ತರಷ್ಟು ಇದ್ದ ಸಾವು ನಾಲ್ಕಕ್ಕೂ ಕೆಳಗೆ ಇಳಿಯಿತು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಅನ್ನುವ ಒಂದು ತಿಳಿವಳಿಕೆ. ಅದು ಲೋಟದಲ್ಲಿ ಹಿಡಿಸುವಷ್ಟು ಸರಳ. ಆಮೇಲೆ ಅದು ಲೋಕದ ಮೂಲೆಮೂಲೆಗೂ ಹೋಯಿತು, ಕೋಟ್ಯಂತರ ಮಕ್ಕಳನ್ನು ಉಳಿಸಿತು.

ಡಾಫ್ನೆಯಲ್ಲಿ ಬರ ಬಂದಾಗ ದಪ್ಪ ಕೊಕ್ಕಿಲ್ಲದವು ಸತ್ತವು. ಬನಗಾಂವ್‌ನಲ್ಲಿ ಕಾಲರಾ ಬಂದಾಗ ಯಾರ ಕರುಳು ಗಟ್ಟಿ ಅಂತ ಕಾಯಲಿಲ್ಲ, ಲೋಟ ಕೊಟ್ಟರು. ನಾವು ಇಷ್ಟೊಂದು ಜನ ಇರುವುದಕ್ಕೆ ನನಗೆ ಕಾಣುವ ಕಾರಣ ಇದು.

ಈಗ ಹುಟ್ಟುವ ಮಕ್ಕಳು ಕಮ್ಮಿಯಾಗುತ್ತಿದ್ದಾರೆ. ಮಕ್ಕಳು ಉಳಿಯುತ್ತಾರೆ ಅಂತ ನಂಬಿಕೆ ಬಂದ ಮೇಲೆ, ಹೆಣ್ಣುಮಕ್ಕಳು ಓದಿದ ಮೇಲೆ, ಬೇಡವೆನ್ನಲು ಅವರ ಕೈಗೆ ಉಪಾಯ ಸಿಕ್ಕ ಮೇಲೆ, ಎಲ್ಲ ಕಡೆಯೂ ಹೆರಿಗೆ ಇಳಿದಿದೆ. 1950ರ ದಶಕದಲ್ಲಿ ಒಬ್ಬ ಹೆಣ್ಣಿಗೆ ಸರಾಸರಿ ಐದು ಮಕ್ಕಳು, ಈಗ ಎರಡೂಕಾಲು. ದಕ್ಷಿಣ ಕೊರಿಯಾದಲ್ಲಿ 2023ರಲ್ಲಿ 0.72ಕ್ಕೆ ಇಳಿದಿತ್ತು. ಲೋಕದ ಜನಸಂಖ್ಯೆ 1960ರ ದಶಕದಲ್ಲಿ ವರ್ಷಕ್ಕೆ ನೂರಕ್ಕೆ ಎರಡಕ್ಕೂ ಹೆಚ್ಚು ಬೆಳೆಯುತ್ತಿತ್ತು. ಈಗ ಒಂದಕ್ಕೂ ಕಮ್ಮಿ.

ಮತ್ತೆ ಸಂಖ್ಯೆ ಯಾಕೆ ಏರುತ್ತಲೇ ಇದೆ? ಮಕ್ಕಳು ಜಾಸ್ತಿ ಹುಟ್ಟಿದ ಕಾಲದವರು ಈಗ ತಾವೇ ಅಪ್ಪ ಅಮ್ಮ ಆಗಿದ್ದಾರೆ. ಒಬ್ಬೊಬ್ಬರಿಗೆ ಇಬ್ಬರೇ ಮಕ್ಕಳಾದರೂ ಹೆರುವವರ ಸಂಖ್ಯೆಯೇ ದೊಡ್ಡದು. ಹೋಗಬೇಕಾದ ವಯಸ್ಸಿನವರು ಹುಟ್ಟಿದ್ದು ಭೂಮಿಯಲ್ಲಿ ಜನ ಕಮ್ಮಿ ಇದ್ದಾಗ, ಹಾಗಾಗಿ ಅವರ ಸಂಖ್ಯೆ ಸಣ್ಣದು. ವರ್ಷಕ್ಕೆ ಸುಮಾರು 13 ಕೋಟಿ ಮಕ್ಕಳು ಹುಟ್ಟುತ್ತಾರೆ, 6 ಕೋಟಿ ಜನ ಹೋಗುತ್ತಾರೆ. ಬ್ರೇಕ್ ಹಾಕಿದ ರೈಲಿನ ಹಾಗೆ ಇದು, ನಿಲ್ಲಲು ದೂರ ಬೇಕು. 2080ರ ದಶಕದ ಮಧ್ಯದಲ್ಲಿ ಸುಮಾರು 1,030 ಕೋಟಿಗೆ ಮುಟ್ಟಿ ಆಮೇಲೆ ಇಳಿಯಬಹುದು ಅಂತ 2024ರಲ್ಲಿ ವಿಶ್ವಸಂಸ್ಥೆ ಅಂದಾಜು ಮಾಡಿದೆ. ಹುಟ್ಟುವ ಮಕ್ಕಳ ಸಂಖ್ಯೆ ಒಮ್ಮೆ ವರ್ಷಕ್ಕೆ 14 ಕೋಟಿ ದಾಟಿತ್ತು, ಆ ತುದಿಯನ್ನು ನಾವು ಆಗಲೇ ಹಾದು ಬಂದಿದ್ದೇವೆ.

ನಮ್ಮ ನಡುವಿನ ಗೋಡೆ ಕೆಡವಿದ ನಾವು ಉಳಿದ ಜೀವಿಗಳ ಗೋಡೆಗಳ ಜೊತೆ ಏನು ಮಾಡುತ್ತಿದ್ದೇವೆ ಅನ್ನುವುದು ನನ್ನನ್ನು ನಿಜವಾಗಿ ಕಾಡುತ್ತದೆ. 2018ರ ಒಂದು ಲೆಕ್ಕದಂತೆ ಭೂಮಿಯ ಸಸ್ತನಿಗಳನ್ನೆಲ್ಲ ತಕ್ಕಡಿಗೆ ಹಾಕಿದರೆ ನೂರಕ್ಕೆ 60 ಪಾಲು ತೂಕ ನಮ್ಮ ಸಾಕುಪ್ರಾಣಿಗಳದ್ದು, 36 ಪಾಲು ನಮ್ಮದು. ತಿಮಿಂಗಿಲದಿಂದ ಇಲಿಯವರೆಗೆ ಕಾಡಿನವೂ ಕಡಲಿನವೂ ಎಲ್ಲ ಸೇರಿ 4 ಪಾಲು.

ಕೆಲವು ಕಡೆ ನಾವು ಹೊಸ ಗೋಡೆ ಹಾಕಿದ್ದೇವೆ. ಕಾಡು ತುಂಡಾದರೆ ಹೊಸ ಪ್ರಭೇದ ಹುಟ್ಟಬಹುದಲ್ವಾ ಅಂತ ಕೇಳುವವರಿದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿರುವ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕುಗಳನ್ನು ನೋಡಿದರೆ ಉತ್ತರ ಗೊತ್ತಾಗುತ್ತದೆ. ರಸ್ತೆ, ಊರುಗಳ ನಡುವೆ ಸಿಕ್ಕಿ 1990ರ ದಶಕದ ಶುರುವಿನಲ್ಲಿ ಅವು ಇಪ್ಪತ್ತು ಮೂವತ್ತಕ್ಕೆ ಇಳಿದಿದ್ದವು. ಬಳಗದೊಳಗೇ ಕೂಡಿ ಕೂಡಿ ಬಾಲದ ತುದಿ ಸೊಟ್ಟ, ಹೃದಯದಲ್ಲಿ ರಂಧ್ರ. 1995ರಲ್ಲಿ ಟೆಕ್ಸಸ್‌ನಿಂದ ಎಂಟು ಹೆಣ್ಣು ಪ್ಯೂಮಾ ತಂದು ಬಿಟ್ಟರು. ಅವುಗಳಲ್ಲಿ ಐದು ಹೆಣ್ಣುಗಳು ಮರಿ ಹಾಕಿದವು. ಸಂಖ್ಯೆ ಮತ್ತೆ ಏರಿತು, ಸೊಟ್ಟ ಬಾಲ ಕಮ್ಮಿಯಾಯಿತು. ಗೋಡೆಯ ಆಚೆ ಈಚೆ ಸಾಕಷ್ಟು ಜೀವಿಗಳಿದ್ದು, ಸಾಕಷ್ಟು ಕಾಲ ಇದ್ದರೆ ಮಾತ್ರ ಹೊಸತು ಹುಟ್ಟುವುದು. ನಾವು ಎರಡನ್ನೂ ಕೊಡುತ್ತಿಲ್ಲ.

ಇನ್ನು ಕೆಲವು ಕಡೆ ಇದ್ದ ಗೋಡೆಯನ್ನು ಅಳಿಸಿದ್ದೇವೆ. ಆಫ್ರಿಕಾದ ವಿಕ್ಟೋರಿಯಾ ಸರೋವರ ಸುಮಾರು 15,000 ವರ್ಷಗಳ ಹಿಂದೆ ಒಣಗಿಹೋಗಿತ್ತು. ಮತ್ತೆ ತುಂಬಿದ ಮೇಲೆ ಅಷ್ಟೇ ಕಾಲದಲ್ಲಿ ಅಲ್ಲಿ ಸಿಕ್ಲಿಡ್ ಮೀನಿನ ಸುಮಾರು 500 ಪ್ರಭೇದ ಆದವು. ಬಣ್ಣವೇ ಅಲ್ಲಿ ಗೋಡೆ. ಕೆಂಪು ಗಂಡನ್ನು ಮೆಚ್ಚುವ ಹೆಣ್ಣುಗಳು ಒಂದು ಪ್ರಭೇದ, ನೀಲಿಯನ್ನು ಮೆಚ್ಚುವವು ಇನ್ನೊಂದು. 1950ರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ ನೈಲ್ ಪರ್ಚ್ ಎಂಬ ದೊಡ್ಡ ಮೀನು ನೂರಾರು ಪ್ರಭೇದಗಳನ್ನು ತಿಂದು ಹಾಕಿತು. ಸುತ್ತಲ ಕಾಡು ಕಡಿದು, ಹೊಲದ ಮಣ್ಣೂ ಗೊಬ್ಬರವೂ ಊರಿನ ಕೊಳಚೆಯೂ ಹರಿದು ಬಂದು ನೀರು ಕದಡಿತು. ಕದಡಿದ ನೀರಿನಲ್ಲಿ ಕೆಂಪೂ ನೀಲಿಯೂ ಒಂದೇ ಥರ ಮಸುಕು. ಓಲೆ ಸೀಹೌಸೆನ್ ಮತ್ತು ಜೊತೆಯವರು 1997ರಲ್ಲಿ ತೋರಿಸಿದಂತೆ, ಅಂಥ ಕಡೆ ಹೆಣ್ಣುಗಳಿಗೆ ಗಂಡಿನ ಗುರುತೇ ಸಿಗುವುದಿಲ್ಲ. ಎರಡೂ ಬೆರೆತು ಬಣ್ಣಗೆಟ್ಟ ಮೀನುಗಳಾಗುತ್ತಿವೆ.

ಅದೇ ಸರೋವರದ ಟಾಂಜಾನಿಯಾ ಬದಿಯಲ್ಲಿ ಮಕೋಬೆ ಎಂಬ ಬಂಡೆಗಳ ದ್ವೀಪವಿದೆ. ದಡದಿಂದ ದೂರ ಇರುವುದರಿಂದ ಅಲ್ಲಿನ ನೀರು ಇನ್ನೂ ತಿಳಿಯಾಗಿದೆ. ನೀಲಿ ಗಂಡುಗಳು ಮೇಲಿನ ನೀರಿನಲ್ಲಿ ಬಂಡೆಯ ಸಂದು ಹಿಡಿದು ನಿಲ್ಲುತ್ತವೆ. ಕೆಂಪು ಬೆಳಕೇ ಹೆಚ್ಚಾಗಿ ತಲುಪುವ ಕೆಳಗಿನ ಆಳದಲ್ಲಿ ಕೆಂಪು ಗಂಡುಗಳು. ಹೆಣ್ಣು ಬರುತ್ತದೆ, ಸುತ್ತು ಹಾಕಿ ನೋಡುತ್ತದೆ, ತನ್ನ ಬಣ್ಣದವನ ಬಳಿಗೇ ಹೋಗುತ್ತದೆ.